ಉಪಗ್ರಹಕ್ಕೆ ಕಾಂಗ್ರೆಸ್ ಕಸವೂ ಹಸಿರೇ

ನಗರದ ಹಸಿರು ಮತ್ತು ಜನರ ಆರೋಗ್ಯ ಎಂಬ ವಿಷಯ ಹಿಡಿದು ಪಿಎಚ್‌.ಡಿ.ಗೆ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಬರೆದರೆ ಮೊದಲ ಕೆಲವು ಪುಟಗಳಲ್ಲೇ ಒಂದು ನಕ್ಷೆ ಬಂದುಬಿಡುತ್ತದೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಗಡಿ, ಅದರೊಳಗೆ ಕೆಂಪಿನಿಂದ ಕಡುಹಸಿರಿನವರೆಗೆ ಬಳಿದ ಬಣ್ಣ. ಅದಕ್ಕೆ ಬಳಸಿದ ಉಪಗ್ರಹ ಚಿತ್ರ ಹೆಚ್ಚಾಗಿ ಅಕ್ಟೋಬರ್-ನವೆಂಬರ್‌ನದು, ಯಾಕೆಂದರೆ ಮಳೆಗಾಲ ಕಳೆದು ಮೋಡವಿಲ್ಲದ ಚಿತ್ರ ಸಿಗತೊಡಗುವುದು ಆಗಲೇ. ನೋಡಲು ಚೆಂದ, ಕಮಿಟಿಯವರಿಗೂ ಹಿಡಿಸುತ್ತದೆ. ಆದರೆ ಆ ಕಡುಹಸಿರು ಚುಕ್ಕೆಗಳ ಅಕ್ಷಾಂಶ-ರೇಖಾಂಶ ಬರೆದುಕೊಂಡು ಜಾಗಕ್ಕೇ ಹೋಗಿ ನಿಂತರೆ ಕಾಣುವುದೇ ಬೇರೆ. ಒಂದು ಚುಕ್ಕೆ ಹೊಸ ಲೇಔಟಿನ ಖಾಲಿ ಸೈಟು, ಸೊಂಟದೆತ್ತರ ಬೆಳೆದ ಕಾಂಗ್ರೆಸ್ ಕಸ (ಪಾರ್ಥೇನಿಯಂ ಕಳೆ). ಇನ್ನೊಂದು ನಾಲಾ ದಂಡೆಯ ಬಳ್ಳಾರಿ ಜಾಲಿ. ಮತ್ತೊಂದು ಕೆರೆಯ ನೀರೇ ಕಾಣದಂತೆ ಹಬ್ಬಿದ ಅಂತರಗಂಗೆ. ಊರಂಚಿನ ದೊಡ್ಡ ಹಸಿರು ಪಟ್ಟಿ ಹತ್ತಿ ಹೊಲ.

ಉಪಗ್ರಹ ಸುಳ್ಳು ಹೇಳಿಲ್ಲ. ಎಲೆಯ ಹಸಿರು ಎಷ್ಟಿದೆ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ, ಅಷ್ಟೆ. ಕಾಂಗ್ರೆಸ್ ಕಸ ಮುಟ್ಟಿದರೆ ಚರ್ಮದಲ್ಲಿ ತುರಿಕೆ, ಗುಳ್ಳೆ. ಅದರ ಪರಾಗದಿಂದ ಮೂಗು ಸೋರುವುದು, ಅಸ್ತಮಾ ಕೆರಳುವುದು. ಅಂಥ ಸೈಟಿನ ಪಕ್ಕದ ಮನೆಯನ್ನು ‘ಹೆಚ್ಚು ಹಸಿರಿನ ಸಾಮೀಪ್ಯ’ ಎಂಬ ಕಾಲಮ್ಮಿಗೆ ಹಾಕಿ, ಆ ಮನೆಯವರ ಉಸಿರಾಟದ ತೊಂದರೆಯನ್ನು ಪಕ್ಕದ ಕಾಲಮ್ಮಿಗೆ ಹಾಕಿದರೆ, ಹಸಿರು ಹೆಚ್ಚಿದಷ್ಟೂ ಆರೋಗ್ಯ ಕೆಡುತ್ತದೆ ಎಂಬ ಫಲಿತಾಂಶ ಬರಬಹುದು. ಅಥವಾ ಒಳ್ಳೆಯದೂ ಕೆಟ್ಟದ್ದೂ ಒಂದನ್ನೊಂದು ತಿಂದುಹಾಕಿ ಏನೂ ಸಂಬಂಧವಿಲ್ಲ ಎಂದು ಬರಬಹುದು. ಆಗ ವಿದ್ಯಾರ್ಥಿ ಸ್ಯಾಂಪಲ್ ಸಾಲಲಿಲ್ಲವೇನೋ ಎಂದು ಇನ್ನೂ ಇನ್ನೂರು ಮನೆ ಸುತ್ತುತ್ತಾನೆ. ತಪ್ಪು ಆಗಿರುವುದು ಅದಕ್ಕೂ ಬಹಳ ಹಿಂದೆ, ‘ಹಸಿರು’ ಅಂದರೆ ಯಾವುದು ಎಂದು ನಿರ್ಧರಿಸುವಲ್ಲಿ.

ಈ ಕ್ಷೇತ್ರದವರೆಲ್ಲ ಉಲ್ಲೇಖಿಸುವ ರೋಜರ್ ಉಲ್ರಿಚ್ ಅವರ 1984ರ ಅಧ್ಯಯನವನ್ನೇ ನೋಡಿ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳ ದಾಖಲೆ. ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಈ ಎರಡು ಅಂಕಿ ಎಲ್ಲರ ಥೀಸಿಸ್‌ನಲ್ಲೂ ಇರುತ್ತವೆ. ಆದರೆ ಅವರು ದಾಖಲೆ ಆರಿಸಿದ್ದು ಮೇ 1ರಿಂದ ಅಕ್ಟೋಬರ್ 20ರ ನಡುವಿನ ಶಸ್ತ್ರಚಿಕಿತ್ಸೆಗಳದ್ದು ಮಾತ್ರ, ಏಕೆಂದರೆ ಅಲ್ಲಿ ಮರಗಳಿಗೆ ಎಲೆ ಇರುವುದು ಆಗಲೇ ಎಂಬ ವಿವರವನ್ನು ಯಾರೂ ಎತ್ತಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಅಧ್ಯಯನದಿಂದ ನಾವು ಕಲಿಯಬೇಕಾದ್ದು ಈ ಎಚ್ಚರವನ್ನೇ. ರೋಗಿಯ ಕಣ್ಣಿಗೆ ಏನು ಬಿತ್ತು, ಯಾವ ತಿಂಗಳಲ್ಲಿ ಬಿತ್ತು ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು.

ಏಪ್ರಿಲ್‌ನಲ್ಲೂ ಹಸಿರಾಗಿ ಉಳಿಯುವುದು

ಉಪಗ್ರಹ ಚಿತ್ರದಿಂದ ಎಲೆಯ ಹಸಿರು ಅಳೆಯುವ ಸೂಚ್ಯಂಕ ಎನ್‌ಡಿವಿಐ. ಅದರ ಲೆಕ್ಕ ಸರಳ: ಅವಕೆಂಪು ಕಿರಣದ ಪ್ರತಿಫಲನದಿಂದ ಕೆಂಪಿನದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ ಇವು 8 ಮತ್ತು 4ನೇ ಬ್ಯಾಂಡ್, 10 ಮೀಟರ್ ಪಿಕ್ಸೆಲ್, ದುಡ್ಡು ಕೊಡಬೇಕಿಲ್ಲ. ನಮ್ಮ ಅವಳಿ ನಗರಕ್ಕೆ ಒಂದೇ ಚಿತ್ರ ಸಾಲದು. ನವೆಂಬರ್‌ನದೊಂದು, ಏಪ್ರಿಲ್‌ನದೊಂದು ಬೇಕೇ ಬೇಕು. ಏಪ್ರಿಲ್ ಹೊತ್ತಿಗೆ ಮಳೆಯಾಶ್ರಿತ ಹೊಲಗಳು ಬರೀ ಎರಿ ಮಣ್ಣು, ಖಾಲಿ ಸೈಟಿನ ಕಸ ಒಣಗಿ ಹೋಗಿರುತ್ತದೆ. ಆಗಲೂ ಹಸಿರಾಗಿ ಕಾಣುವುದು ಮರಗಳು, ನೀರು ಬಿಡುವ ಹುಲ್ಲುಹಾಸು, ಮತ್ತೆ ಗಟಾರದ ನೀರು ಕುಡಿದು ಬದುಕಿದ ಜಾಲಿ-ಕಸ. ಈ ಕೊನೆಯದನ್ನು ನಾಲಾ ಗುಂಟ ನಡೆದು ಕೈಯಾರೆ ಗುರುತು ಹಾಕಿಯೇ ತೆಗೆಯಬೇಕು. ಅದಕ್ಕೆ ಅಡ್ಡದಾರಿ ಇಲ್ಲ. ಫೆಬ್ರುವರಿ-ಮಾರ್ಚ್ ಬೇಡ. ಆಗ ಎಷ್ಟೋ ಮರಗಳು ಎಲೆ ಉದುರಿಸಿ ನಿಂತಿರುತ್ತವೆ, ಏಪ್ರಿಲ್‌ಗೆ ಬೇವು, ಹೊಂಗೆ, ಅರಳಿ ಎಲ್ಲ ಚಿಗುರಿರುತ್ತವೆ. ಅಡ್ಡಮಳೆಯ ಮೋಡದ ಭಯವೂ ಅಷ್ಟಿಲ್ಲ. ಉಪಗ್ರಹ ಹಾದುಹೋಗುವುದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅಡ್ಡಮಳೆ ಕಟ್ಟುವುದು ಮಧ್ಯಾಹ್ನದ ಮೇಲೆ.

ವರ್ಷದಿಂದ ವರ್ಷಕ್ಕೆ ಹೋಲಿಸುವವರು ಬೀಳುವ ಗುಂಡಿಯೊಂದಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣೆ ಬದಲಾಗಿ, ಪ್ರತಿ ಬ್ಯಾಂಡಿನ ಸಂಖ್ಯೆಗೂ 1000 ಕೂಡಿಸಿ ಕೊಡುತ್ತಾರೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಮೇಲಿನ ವ್ಯತ್ಯಾಸ ಅಷ್ಟೇ ಉಳಿದು ಕೆಳಗಿನ ಮೊತ್ತ ದೊಡ್ಡದಾಗುತ್ತದೆ. ಕೆಂಪು 600, ಅವಕೆಂಪು 3000 ಇದ್ದ ಪಿಕ್ಸೆಲ್ಲಿಗೆ 0.67 ಬರಬೇಕಾದದ್ದು, 1600 ಮತ್ತು 4000 ಆಗಿ 0.43ಕ್ಕೆ ಇಳಿಯುತ್ತದೆ. 2021ಕ್ಕೂ 2023ಕ್ಕೂ ಹೋಲಿಸಿ ‘ಎರಡೇ ವರ್ಷದಲ್ಲಿ ನಗರದ ಹಸಿರು ಮೂರನೇ ಒಂದರಷ್ಟು ಮಾಯ’ ಎಂದು ಬರೆದರೆ ಪತ್ರಿಕೆಯವರಿಗೆ ಒಳ್ಳೆಯ ಸುದ್ದಿ, ಪರೀಕ್ಷಕರಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ. ಉಪಗ್ರಹ ಚಿತ್ರಗಳನ್ನು ಅಂತರ್ಜಾಲದಲ್ಲೇ ಸಂಸ್ಕರಿಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹ ತೆಗೆದುಕೊಂಡರೆ ಈ ತೊಂದರೆ ಇಲ್ಲ.

ಮಣ್ಣಿನ ಬಣ್ಣವೂ ಆಟ ಆಡುತ್ತದೆ. ಹುಬ್ಬಳ್ಳಿ ಸುತ್ತ ಕರಿ ಮಣ್ಣು, ಧಾರವಾಡ ಮಲೆನಾಡಿನ ಸೆರಗು, ಅಲ್ಲಿ ಕೆಂಪು ಮಣ್ಣು ಹೆಚ್ಚು. ಎಲೆ ಅಷ್ಟೇ ಇದ್ದರೂ ಕಪ್ಪು ಮಣ್ಣಿನ ಮೇಲೆ ಎನ್‌ಡಿವಿಐ ಹೆಚ್ಚು ತೋರುತ್ತದೆ. ಎರಡೂ ಊರನ್ನು ಒಂದೇ ನಕ್ಷೆಯಲ್ಲಿ ಹೋಲಿಸುವಾಗ ಮಣ್ಣಿನ ಪ್ರಭಾವ ತಗ್ಗಿಸುವ ಎಸ್‌ಎವಿಐ ಸೂತ್ರವನ್ನೂ (ಅದರಲ್ಲಿ ಮಣ್ಣಿಗಾಗಿ ಸೇರಿಸುವ ‘ಎಲ್’ ಎಂಬ ಅಂಕಿಯ ಬೆಲೆ 0.5) ಹಾಕಿ, ಎರಡರ ಫಲಿತಾಂಶವನ್ನೂ ಕೊಡುವುದು ಕ್ಷೇಮ.

ಇಷ್ಟಾದರೂ ಬೀದಿಬದಿಯ ಒಂಟಿ ಮರ ಸಿಗುವುದಿಲ್ಲ. ಒಂದು ಪಿಕ್ಸೆಲ್ ಅಂದರೆ 100 ಚದರ ಮೀಟರ್. ಎಂಟು ಮೀಟರ್ ಅಗಲದ ಬೇವಿನ ಮರ ಅದರ ಅರ್ಧ ತುಂಬುತ್ತದೆ, ಉಳಿದರ್ಧ ಡಾಂಬರು. ಅದಕ್ಕೆ ಹೆಚ್ಚು ಸ್ಪಷ್ಟ ಚಿತ್ರದ ಮೇಲೆ ಯಾದೃಚ್ಛಿಕ ಚುಕ್ಕೆ ಹಾಕಿ, ಪ್ರತಿ ಚುಕ್ಕೆಯ ಕೆಳಗೆ ಮರವಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಬರೆಯುವ ಹಳೆಯ ವಿಧಾನವೇ ಸರಿ. ಒಂದು ಪ್ರದೇಶಕ್ಕೆ 500 ಚುಕ್ಕೆ ಹಾಕಿ ಮರದ ಹೊದಿಕೆ 20 ಶೇಕಡಾ ಬಂದರೆ ಪ್ರಮಾಣಿತ ದೋಷ 1.8 ಶೇಕಡಾ, ಅಂದರೆ ನಿಜವಾದ ಬೆಲೆ ಸುಮಾರು 16.5 ಮತ್ತು 23.5ರ ನಡುವೆ. ಪಾಲಿಕೆಯ 82 ವಾರ್ಡಿಗೂ ಹೀಗೆ ಹಾಕಲು ಹೊರಟರೆ 41,000 ಚುಕ್ಕೆ. ಒಬ್ಬರ ಕಣ್ಣು ಕೆಡುತ್ತದೆ. ಹತ್ತು-ಹನ್ನೆರಡು ವಾರ್ಡ್ ಆರಿಸಿಕೊಂಡು, ಹತ್ತರಲ್ಲೊಂದು ಚುಕ್ಕೆಯನ್ನು ಇನ್ನೊಬ್ಬರಿಂದ ನೋಡಿಸಿ ತಾಳೆ ಹಾಕಿದರೆ ಸಾಕು.

ಗೇಟಿಗೆ ಬೀಗ

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2016ರಲ್ಲಿ ಕೊಟ್ಟ ಅಳತೆಗೋಲು ಈಗ ಎಲ್ಲೆಡೆ ಚಾಲ್ತಿಯಲ್ಲಿದೆ: ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್‌ನ ಹಸಿರು ತಾಣ. ಐದು ನಿಮಿಷದ ನಡಿಗೆ. ಕಂಪ್ಯೂಟರಿನಲ್ಲಿ ಪಾರ್ಕಿನ ನಡುಬಿಂದುವಿನಿಂದ 300 ಮೀಟರ್ ವೃತ್ತ ಎಳೆದರೆ ಕೆಲಸ ಮುಗಿಯಿತು ಅನಿಸುತ್ತದೆ. ಹುಬ್ಬಳ್ಳಿಯಲ್ಲಿ ಆ ವೃತ್ತದ ನಡುವೆ ರೈಲು ಹಳಿ ಹೋಗಿರುತ್ತದೆ, ನಾಲಾ ಹರಿದಿರುತ್ತದೆ, ದೊಡ್ಡ ಕಾಂಪೌಂಡ್ ಗೋಡೆ ನಿಂತಿರುತ್ತದೆ. ನಕ್ಷೆಯಲ್ಲಿ 250 ಮೀಟರ್, ಕಾಲಿಗೆ ಒಂದು ಕಿಲೋಮೀಟರ್. ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ಪಥ) ಆದಮೇಲೆ ಅವಳಿ ನಗರದ ನಡುವಿನ ರಸ್ತೆ ದಾಟುವುದೇ ಮುದುಕರಿಗೆ ಒಂದು ಲೆಕ್ಕಾಚಾರ. ಆ ರಸ್ತೆಯಾಚೆಯ ಪಾರ್ಕು ಅವರ ಪಾಲಿಗೆ ದೂರದ್ದೇ.

ಹಾಗಾಗಿ ಪಾರ್ಕಿನ ನಡುಬಿಂದು ಬಿಟ್ಟು ಪ್ರತಿ ಗೇಟಿನ ಜಿಪಿಎಸ್ ಬಿಂದು ತೆಗೆದುಕೊಂಡು, ರಸ್ತೆಯ ಗುಂಟ ದೂರ ಲೆಕ್ಕ ಹಾಕಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದೊಡ್ಡ ರಸ್ತೆಗಳು ಚೆನ್ನಾಗಿವೆ. ಹಳೇಹುಬ್ಬಳ್ಳಿಯಂಥ ಕಡೆ ಎರಡು ಓಣಿ ಸೇರಿಸುವ ಸಂದಿಗಳನ್ನು ನಡೆದು ನೋಡಿ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಯಂತ್ರ ಜನರನ್ನು ಸುತ್ತುಹಾಕಿ ಕಳಿಸುತ್ತದೆ. ಪಾರ್ಕುಗಳ ಪಟ್ಟಿಯನ್ನು ಪಾಲಿಕೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಆದರೆ ಕಾಗದದ ಮೇಲೆ ಉದ್ಯಾನ ಎಂದಿರುವ ಜಾಗದಲ್ಲಿ ವಾಟರ್ ಟ್ಯಾಂಕ್ ಇರಬಹುದು, ಕಾರು ನಿಂತಿರಬಹುದು. ಪಟ್ಟಿ ಕೈಗೆ ಬಂದ ಮೇಲೆ ಒಂದೊಂದನ್ನೂ ಹೋಗಿ ನೋಡಿ ಬರೆಯಬೇಕಾದ್ದು ಇವು: ಗೇಟು ಎಷ್ಟು, ಯಾವುದು ಸದಾ ಮುಚ್ಚಿರುತ್ತದೆ, ತೆರೆಯುವ-ಮುಚ್ಚುವ ಹೊತ್ತು, ಟಿಕೆಟ್ ಇದೆಯೇ, ಶೌಚಾಲಯ, ಕುಡಿಯುವ ನೀರು, ಬೆಳಕು, ಬೆಂಚು, ಬೆಂಚಿನ ಮೇಲೆ ಮಧ್ಯಾಹ್ನ ಎರಡಕ್ಕೆ ನೆರಳಿದೆಯೇ.

ಆ ಎರಡು ಗಂಟೆಯ ಹೊತ್ತಿನಲ್ಲಿ ಯಾವುದಾದರೂ ಬಡಾವಣೆಯ ಪಾರ್ಕಿನ ಮುಂದೆ ಒಮ್ಮೆ ನಿಲ್ಲಬೇಕು. ಏಪ್ರಿಲ್ ಬಿಸಿಲು, ಗೇಟಿಗೆ ಬೀಗ. ಒಳಗೆ ಸ್ಪ್ರಿಂಕ್ಲರ್ ನೀರು ಕುಡಿದು ಹೊಳೆಯುವ ಹುಲ್ಲು, ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ, ಒಬ್ಬ ನರಪಿಳ್ಳೆಯೂ ಇಲ್ಲ. ಹೊರಗೆ ರಸ್ತೆಬದಿಯ ಒಂದು ಮಳೆಮರದ ಕೆಳಗೆ ನಾಲ್ಕು ಆಟೋ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ ಡ್ರೈವರ್‌ಗಳು, ಗೋಣಿತಟ್ಟು ಹಾಸಿ ಕೂತ ಕಾಯಿಪಲ್ಲೆ ಮಾರುವಾಕೆ, ಪಕ್ಕದ ಕಟ್ಟಡದ ಕೆಲಸದವರು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಾರೆ. ನಕ್ಷೆಯ ಪ್ರಕಾರ ಹಸಿರು ತಾಣ ಒಳಗಿರುವುದು, ಹೊರಗಿನದು ಲೆಕ್ಕಕ್ಕೇ ಇಲ್ಲ. ಆ ಹೊತ್ತಿನಲ್ಲಿ ಬಿಸಿಲಿನಿಂದ ದೇಹ ಕಾಪಾಡುತ್ತಿರುವುದು ಹೊರಗಿನದೇ. ಬಯಲುಸೀಮೆಯ ನಗರಕ್ಕೆ ಥೀಸಿಸ್ ಬರೆಯುವವರು ಪಾರ್ಕಿನ ವಿಸ್ತೀರ್ಣ ಬಿಟ್ಟು ತೆರೆದ ನೆರಳಿನ ವಿಸ್ತೀರ್ಣವನ್ನು ಮುಖ್ಯ ಚರಾಂಶವಾಗಿ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ನೆರಳನ್ನು ಅಳೆಯುವಾಗಲೂ ಎಚ್ಚರ ಬೇಕು. ಬರೀ ಗಾಳಿಯ ಉಷ್ಣತೆ ಹಿಡಿದರೆ ಮರದ ಕೆಳಗೂ ಹೊರಗೂ ಒಂದೆರಡು ಡಿಗ್ರಿ ವ್ಯತ್ಯಾಸ, ‘ಪರಿಣಾಮ ಅಲ್ಪ’ ಎಂದು ಬರೆದು ಮುಗಿಸಿಬಿಡುತ್ತಾರೆ. ಮೈಗೆ ತಟ್ಟುವುದು ಬಿಸಿಲಿನ ವಿಕಿರಣ. ಅದಕ್ಕೆ ಕಪ್ಪು ಗೋಳದ ಥರ್ಮಾಮೀಟರ್ ಬೇಕು. ಮೈಗೆ ತಟ್ಟುವ ಒಟ್ಟು ಬಿಸಿಯನ್ನು ಅಳೆಯುವ ಹೊರಾಂಗಣದ ಡಬ್ಲ್ಯುಬಿಜಿಟಿ ಸೂತ್ರದಲ್ಲಿ ಸಹಜ ಒದ್ದೆಬುರುಡೆಯ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ) ಉಷ್ಣತೆಗೆ 0.7, ಗೋಳದ್ದಕ್ಕೆ 0.2, ಗಾಳಿಯದ್ದಕ್ಕೆ 0.1 ತೂಕ. ಗಾಳಿಯ ಉಷ್ಣತೆಯನ್ನು ತಾನಾಗಿಯೇ ದಾಖಲಿಸುವ ಲಾಗರನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಬಿಳಿ ತಟ್ಟೆಗಳ ಕವಚದೊಳಗೆ ಇಡದಿದ್ದರೆ ಅದು ಅಳೆಯುವುದು ತನ್ನದೇ ಪ್ಲಾಸ್ಟಿಕ್ಕಿನ ಬಿಸಿಯನ್ನು. ವಿದ್ಯುತ್ ಕಂಬಕ್ಕೆ ಕಟ್ಟುವುದಾದರೆ ವಿದ್ಯುತ್ ಕಂಪನಿ ಹೆಸ್ಕಾಂನ ಅನುಮತಿ ಮೊದಲೇ ತೆಗೆದುಕೊಳ್ಳಿ.

ಬೆಳಿಗ್ಗೆ ಆರರ ಜನ

ಉಣಕಲ್ ಕೆರೆ ದಂಡೆ, ಇಂದಿರಾ ಗಾಜಿನ ಮನೆ, ನೃಪತುಂಗ ಬೆಟ್ಟ, ತೋಳನಕೆರೆ, ಧಾರವಾಡದ ಸಾಧನಕೇರಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ಬೆಳಿಗ್ಗೆ ಆರಕ್ಕೆ ಪ್ರಶ್ನಾವಳಿ ಹಿಡಿದು ನಿಂತರೆ ಎರಡು ವಾರದಲ್ಲಿ ಮುನ್ನೂರು ಜನ ಸಿಗುತ್ತಾರೆ. ಸಿಗುವವರು ಯಾರು? ಬೂಟು ಹಾಕಿಕೊಂಡು ಬರಲು ಕಾಲು ಗಟ್ಟಿ ಇರುವವರು, ಎಂಟಕ್ಕೆ ಹಾಜರಿ ಹಾಕಬೇಕಾದ ಕೂಲಿ ಇಲ್ಲದವರು, ಮನೆಯಲ್ಲಿ ನೀರು ತುಂಬುವ ಕೆಲಸ ಬೇರೆಯವರು ಮಾಡುವವರು. ಜೊತೆಗೆ ಡಾಕ್ಟರು ‘ಶುಗರ್ ಬಂದಿದೆ, ನಡೆಯಿರಿ’ ಎಂದದ್ದಕ್ಕೆ ಶುರು ಮಾಡಿದವರೂ ಇರುತ್ತಾರೆ. ಮೊದಲ ಗುಂಪು ಪಾರ್ಕಿನ ಪರಿಣಾಮವನ್ನು ಉಬ್ಬಿಸುತ್ತದೆ, ಎರಡನೆಯದು ತಲೆಕೆಳಗು ಮಾಡುತ್ತದೆ: ಪಾರ್ಕಿಗೆ ಬರುವವರಲ್ಲೇ ಮಧುಮೇಹ ಜಾಸ್ತಿ ಎಂಬ ವಿಚಿತ್ರ ಕೋಷ್ಟಕ ಹೀಗೇ ಹುಟ್ಟುವುದು. ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಿಂದ 2019ರಲ್ಲಿ ಬಂದ ‘ವಾರಕ್ಕೆ 120 ನಿಮಿಷ ಪ್ರಕೃತಿಯ ನಡುವೆ ಕಳೆದವರ ಆರೋಗ್ಯ ಉತ್ತಮ’ ಎಂಬ ಪ್ರಸಿದ್ಧ ಅಂಕಿಯೂ ಒಂದೇ ಹೊತ್ತಿನಲ್ಲಿ, ಜನ ತಾವೇ ಹೇಳಿದ ಮಾತಿನಿಂದ ಬಂದದ್ದು. ಅದನ್ನು ಔಷಧದ ಡೋಸ್ ಎಂಬಂತೆ ಬರೆಯಬಾರದು.

ಮನೆಯಿಂದ ಶುರು ಮಾಡಬೇಕು. ಸ್ಯಾಂಪಲ್ ಲೆಕ್ಕ ಉದಾಹರಣೆಗೆ ಹೀಗೆ: ಅಧಿಕ ರಕ್ತದೊತ್ತಡ ಶೇ 30 ಜನರಲ್ಲಿ ಇದೆಯೆಂದು ಇಟ್ಟುಕೊಂಡು, ಶೇ 5ರಷ್ಟು ದೋಷ ಒಪ್ಪಿದರೆ 336 ಜನ. ಹೆಚ್ಚಿನ ಥೀಸಿಸ್‌ಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಒಂದೇ ಓಣಿಯವರು ಒಬ್ಬರನ್ನೊಬ್ಬರು ಹೋಲುತ್ತಾರೆ. ಅದಕ್ಕೆ ಸ್ಯಾಂಪಲ್ ಹಿಗ್ಗಿಸುವ ಗುಣಕ, ಅಂದರೆ ವಿನ್ಯಾಸ ಪರಿಣಾಮ, 1.5 ಎಂದರೆ 504, ಹತ್ತರಲ್ಲಿ ಒಬ್ಬರು ಒಲ್ಲೆ ಅಂದರೆ 560. ಇಪ್ಪತ್ತು ಮನೆಯ 28 ಗುಂಪು. ಇದು ಬರೀ ಪ್ರಮಾಣ ಅಂದಾಜಿಸಲು. ಹಸಿರು ಹೆಚ್ಚಿರುವ ಕಡೆಗೂ ಕಡಿಮೆ ಇರುವ ಕಡೆಗೂ ಹೋಲಿಸಬೇಕಾದರೆ ಲೆಕ್ಕ ಬೇರೆ, ಸಂಖ್ಯೆ ಇನ್ನೂ ದೊಡ್ಡದು. ಗುಂಪುಗಳನ್ನು ಆರಿಸುವಾಗ ಹಸಿರು ಹೆಚ್ಚು-ಕಡಿಮೆ, ಆದಾಯ ಹೆಚ್ಚು-ಕಡಿಮೆ ಎಂಬ ನಾಲ್ಕು ಮೂಲೆಯೂ ತುಂಬುವಂತೆ ನೋಡಿಕೊಳ್ಳಬೇಕು. ಉಳ್ಳವರ ಬಡಾವಣೆಯಲ್ಲೇ ಮರ ಇರುವ ಊರಿನಲ್ಲಿ ಬಡವರಿದ್ದೂ ಮರ ಇರುವ ಓಣಿ, ಉಳ್ಳವರಿದ್ದೂ ಬೋಳಾದ ಲೇಔಟು ಹುಡುಕಿ ತರದಿದ್ದರೆ, ಮರದ ಫಲ ಯಾವುದು, ದುಡ್ಡಿನ ಫಲ ಯಾವುದು ಎಂದು ರಿಗ್ರೆಶನ್ನಿನಂಥ ಯಾವ ಸಂಖ್ಯಾಶಾಸ್ತ್ರದ ಲೆಕ್ಕವೂ ಬಿಡಿಸಿಕೊಡುವುದಿಲ್ಲ.

ಮನೆಗೆ ಹೋದಾಗ ಕೇಳುವ ಮಾತು ಪಾರ್ಕಿನಲ್ಲಿ ಕೇಳುವುದಕ್ಕಿಂತ ಬೇರೆ. ಬಾಗಿಲಲ್ಲಿ ನಿಂತ ಹೆಣ್ಣುಮಗಳಿಗೆ ವಾರಕ್ಕೆ ಎಷ್ಟು ಸಲ ಗಾರ್ಡನ್‌ಗೆ ಹೋಗುತ್ತೀರಿ ಎಂದು ಕೇಳಿದರೆ, “ನಾ ಗಾರ್ಡನ್ನಿಗೆ ಹ್ವಾದ್ರ ಮನಿ ಕೆಲಸ ಯಾರ ಮಾಡ್ತಾರ್ರೀ?” ಎಂದು ನಗುತ್ತಾರೆ. ಫಾರಂನಲ್ಲಿ ಸೊನ್ನೆ ಬೀಳುತ್ತದೆ. ಅದೇ ಹೆಣ್ಣುಮಗಳು ದಿನಾ ಸಂಜೆ ಗುಡಿಯ ಮುಂದಿನ ಅರಳಿಕಟ್ಟೆಯ ಮೇಲೆ ಅರ್ಧ ತಾಸು ಕೂತಿರುತ್ತಾರೆ. ಪ್ರಶ್ನೆಯಲ್ಲಿ ಪಾರ್ಕ್ ಎಂಬ ಹೆಸರು ಬಿಟ್ಟು ‘ಮನೆಯ ಹೊರಗೆ, ಗಿಡದ ನೆರಳಲ್ಲಿ ನಿನ್ನೆ ಎಷ್ಟು ಹೊತ್ತು ಇದ್ದಿರಿ, ಎಲ್ಲಿ’ ಎಂದು ಕೇಳಬೇಕು. ಗುಡಿ, ದರ್ಗಾ, ಶಾಲೆ ಅಂಗಳ, ಬಾವಿಕಟ್ಟೆ ಎಲ್ಲ ಆಗ ಹೊರಬರುತ್ತವೆ.

ಕೈಗೆ ಪಟ್ಟಿ ಕಟ್ಟುವಾಗ

ನಡಿಗೆ ಮುಗಿಸಿದವರನ್ನು ಬೆಂಚಿನ ಮೇಲೆ ಕೂರಿಸಿ ಬಿಪಿ ನೋಡಿ, ‘ಪಾರ್ಕಿನಲ್ಲಿ ರಕ್ತದೊತ್ತಡ ಕಡಿಮೆ’ ಎಂದು ಬರೆಯುವುದು ತೀರಾ ಸಾಮಾನ್ಯವಾದ ದೋಷ. ವ್ಯಾಯಾಮದ ನಂತರ ಕೆಲವು ತಾಸು ರಕ್ತದೊತ್ತಡ ಇಳಿದಿರುವುದು ದೇಹದ ಧರ್ಮ. ರಸ್ತೆಯ ಮೇಲೆ ನಡೆದಿದ್ದರೂ ಇಳಿಯುತ್ತಿತ್ತು. ಮನೆಯಲ್ಲೇ ಅಳೆಯಿರಿ. ಚಹಾ, ತಂಬಾಕು, ಎಲೆಅಡಿಕೆ, ನಡಿಗೆ ಆಗಿ ಅರ್ಧ ತಾಸಾಗಿರಬೇಕು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಿಲ್ಲದೆ ಕೂತಿರಬೇಕು. ತೋಳು ಎದೆಯ ಮಟ್ಟದಲ್ಲಿ. ನಿಮಿಷಕ್ಕೊಂದರಂತೆ ಮೂರು ಸಲ ನೋಡಿ ಕೊನೆಯ ಎರಡರ ಸರಾಸರಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳೇ ಹೆಚ್ಚು ತೋರುತ್ತದೆ, ಎರಡು ಅಳತೆಯ ಪಟ್ಟಿ ಚೀಲದಲ್ಲಿರಲಿ.

ಎಂಜಲಿನಲ್ಲಿ ಅಳೆಯುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮೇಲೆ ಈಗ ಎಲ್ಲರಿಗೂ ಮೋಹ. ಎದ್ದ ಮೇಲೆ ಅರ್ಧ-ಮುಕ್ಕಾಲು ತಾಸಿಗೆ ಅದು ತುದಿ ಮುಟ್ಟಿ, ಆಮೇಲೆ ದಿನವಿಡೀ ತಾನಾಗಿಯೇ ಇಳಿಯುತ್ತದೆ. ಆರೂವರೆಗೆ ಒಂದು, ಏಳೂವರೆಗೆ ಒಂದು ಮಾದರಿ ತೆಗೆದರೆ ಪಾರ್ಕಿನಲ್ಲಿದ್ದರೂ ಇಳಿದಿರುತ್ತದೆ, ಹುಬ್ಬಳ್ಳಿ ಪೇಟೆಯ ಕೊಪ್ಪಿಕರ ರಸ್ತೆಯಲ್ಲಿ ನಿಂತಿದ್ದರೂ ಇಳಿದಿರುತ್ತದೆ. ಅದೇ ಹೊತ್ತಿಗೆ ಅದೇ ವೇಗದಲ್ಲಿ ಮರವಿಲ್ಲದ ರಸ್ತೆಯಲ್ಲಿ ನಡೆದ ಇನ್ನೊಂದು ಗುಂಪಿಲ್ಲದೆ ಈ ಖರ್ಚು ಮಾಡಲೇಬೇಡಿ.

ಮನಸ್ಸಿನ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಪ್ರಶ್ನಾವಳಿ ಸಾಕು: ಐದು ಪ್ರಶ್ನೆ, 0ರಿಂದ 25 ಅಂಕ, ನಾಲ್ಕರಿಂದ ಗುಣಿಸಿದರೆ ನೂರಕ್ಕೆ. ಅದು ಕೇಳುವುದು ಕಳೆದ ಎರಡು ವಾರದ ಬಗ್ಗೆ, ಆದ್ದರಿಂದ ಒಂದು ವಾರ್ಡನ್ನು ಏಪ್ರಿಲ್‌ನಲ್ಲಿ ಮುಗಿಸಿ ಇನ್ನೊಂದನ್ನು ಜುಲೈಗೆ ಇಟ್ಟುಕೊಂಡರೆ ಅಳೆದದ್ದು ಹವೆಯನ್ನು. ಪ್ರತಿ ತಿಂಗಳೂ ಎಲ್ಲ ಬಗೆಯ ಗುಂಪಿನಿಂದ ಒಂದಿಷ್ಟು ಮನೆ ಬರುವಂತೆ ತಿರುಗಿಸಬೇಕು. ಹುಬ್ಬಳ್ಳಿಯಲ್ಲಿ ಗಣೇಶೋತ್ಸವದ ಹನ್ನೊಂದು ದಿನ, ಅದರ ನಂತರದ ಎರಡು ವಾರ ಸಮೀಕ್ಷೆ ನಿಲ್ಲಿಸಿ. ಆಗ ನಿದ್ದೆಯ ಪ್ರಶ್ನೆಗೆ ಬರುವ ಉತ್ತರ ಧ್ವನಿವರ್ಧಕದ್ದು. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿ ಬಳಸುವವರಿಗೆ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇದೆ ಎಂಬುದು ಗೊತ್ತಿರಬೇಕು. ‘ಹೌದು’ ಎಂದವರನ್ನು ಅಂದೇ ಏನು ಮಾಡುತ್ತೀರಿ ಎಂದು ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಕೇಳುತ್ತದೆ, ಕೇಳಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಯಾರು ಫೋನ್ ಮಾಡುತ್ತಾರೆ, ಯಾರು ಜೊತೆ ಹೋಗುತ್ತಾರೆ ಎಂಬುದು ಅರ್ಜಿಯಲ್ಲೇ ಬರೆದಿರಬೇಕು. ಬಿಪಿ ಹೆಚ್ಚು ಬಂದವರಿಗೆ ಅಂಕಿ ಬರೆದ ಚೀಟಿ ಕೊಟ್ಟು ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಕಳಿಸುವುದೂ ಅಷ್ಟೇ ಕಡ್ಡಾಯ.

ಮೂರು ವರ್ಷದಲ್ಲಿ ಮರ ಬೆಳೆಯುವುದಿಲ್ಲ

ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಸಸಿ ನೆಟ್ಟು ಅದರ ನೆರಳಿನ ಪರಿಣಾಮ ಅಳೆಯುತ್ತೇನೆ ಎಂಬವರ ಸಿನಾಪ್ಸಿಸ್ ಅಲ್ಲೇ ಬಿದ್ದುಹೋಗಬೇಕು. ಬೇಗ ಬದಲಾಗುವ ಸಂಗತಿಗಳನ್ನೇ ಹಿಡಿಯಬೇಕು. ಫಿಲಡೆಲ್ಫಿಯಾದಲ್ಲಿ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಿ ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಗಿಡ ನೆಟ್ಟು, ಗಿಡ್ಡ ಕಟ್ಟಿಗೆ ಬೇಲಿ ಹಾಕಿ, ತಿಂಗಳಿಗೊಮ್ಮೆ ನೋಡಿಕೊಂಡರು. ಇನ್ನೊಂದರಲ್ಲಿ ಕಸ ಮಾತ್ರ ತೆಗೆದರು. ಮೂರನೆಯದನ್ನು ಹಾಗೇ ಬಿಟ್ಟರು. ಹಸಿರು ಮಾಡಿದ ಸೈಟುಗಳ ಹತ್ತಿರದವರಲ್ಲಿ ‘ಖಿನ್ನತೆ ಅನಿಸುತ್ತದೆ’ ಎನ್ನುವುದು, ಏನೂ ಮಾಡದ ಕಡೆಗೆ ಹೋಲಿಸಿದರೆ, ಶೇ 41.5ರಷ್ಟು ಇಳಿಯಿತು. ಕಸ ಮಾತ್ರ ತೆಗೆದ ಕಡೆ ಗಣನೀಯ ಬದಲಾವಣೆ ಕಾಣಲಿಲ್ಲ. ನಮ್ಮಲ್ಲಿ ಖಾಲಿ ಸೈಟಿಗೇನೂ ಬರವಿಲ್ಲ, ಆದರೆ ಮಾಲೀಕ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾನೆ. ಒಪ್ಪಿಗೆ ಪತ್ರಕ್ಕೇ ಆರು ತಿಂಗಳು ಇಟ್ಟುಕೊಳ್ಳಬೇಕು. ಕಾಂಗ್ರೆಸ್ ಕಸ ಮೊಳೆತು ಒಂದೆರಡು ತಿಂಗಳಲ್ಲೇ ಹೂ ಬಿಡುವುದರಿಂದ ಮಳೆಗಾಲದಲ್ಲಿ ತಿಂಗಳಿಗೊಂದು ಕಟಾವಿನ ಕೂಲಿ, ಕೈಗವಸು, ಉದ್ದ ತೋಳಿನ ಅಂಗಿಯ ಖರ್ಚು ಬಜೆಟ್ಟಿನಲ್ಲಿರಬೇಕು.

ಇದಕ್ಕಿಂತ ಸುಲಭದ ದಾರಿ ಪಾಲಿಕೆಯೇ ಮಾಡುವ ಕೆಲಸಕ್ಕೆ ಅಂಟಿಕೊಳ್ಳುವುದು. ಒಂದು ಪಾರ್ಕಿಗೆ ದೀಪ ಬರುತ್ತದೆ, ಇನ್ನೊಂದಕ್ಕೆ ಎರಡನೇ ಗೇಟು, ಮತ್ತೊಂದಕ್ಕೆ ಶೌಚಾಲಯ. ಕೆಲಸ ಆಗುವ ಪಾರ್ಕು, ಅದೇ ತರಹದ ಕೆಲಸ ಆಗದ ಪಾರ್ಕು, ಎರಡರ ಸುತ್ತಲೂ ಮೊದಲೊಮ್ಮೆ ಆಮೇಲೊಮ್ಮೆ ಅಳೆದು, ಮೊದಲನೆಯದರ ಬದಲಾವಣೆಯಿಂದ ಎರಡನೆಯದರದ್ದನ್ನು ಕಳೆಯುವುದು. ಒಳಗಿನ ಜನರನ್ನು ಎಣಿಸಲು ಸೋಪಾರ್ಕ್ ಪದ್ಧತಿ ಇದೆ: ಪಾರ್ಕನ್ನು ಭಾಗ ಮಾಡಿ, ದಿನಕ್ಕೆ ನಾಲ್ಕು ಹೊತ್ತು ಎಡದಿಂದ ಬಲಕ್ಕೆ ಕಣ್ಣಾಡಿಸಿ, ಹೆಣ್ಣು-ಗಂಡು, ಮಕ್ಕಳು, ಹದಿಹರೆಯದವರು, ವಯಸ್ಕರು, ಹಿರಿಯರು, ಕೂತವರು, ನಡೆಯುವವರು, ಓಡುವವರು ಎಂದು ಬರೆಯುವುದು. ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡಬೇಕು. ಎರಡನೇ ಅಳತೆ ಸರಿಯಾಗಿ ಒಂದು ವರ್ಷದ ನಂತರ ಅದೇ ತಿಂಗಳಲ್ಲಿ ಆಗಬೇಕು. ಮೊದಲ ಅಳತೆಗೆ ಸಿಗುವ ಸಮಯ ಟೆಂಡರ್ ಕರೆದ ದಿನದಿಂದ ಗುತ್ತಿಗೆದಾರ ಜೆಸಿಬಿ ತರುವ ದಿನದವರೆಗೆ ಮಾತ್ರ. ಆ ಹೊತ್ತಿಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಯಲ್ಲಿದ್ದು, ಪ್ರಶ್ನಾವಳಿ ಇನ್ನೊಂದು ಓಣಿಯಲ್ಲಿ ಪ್ರಯೋಗವಾಗಿ, ಎಣಿಸುವ ಇಬ್ಬರಿಗೂ ತರಬೇತಿ ಮುಗಿದಿರಬೇಕು.